ಮಾಳಿಗೆ ಮನೆ ಅಗ್ಗಕ್ಕೆ ಸಿಕ್ಕರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಳೆಯ ಮನೆ ಕೊಂಡು ನೋಡು ಎಂದು ಹೇಳಿದ್ದಿಲ್ಲ. ಬಹುಶಃ ಅವರ ಕಾಲದಲ್ಲಿ ಹುಟ್ಟಿ ಬೆಳೆದ ಮನೆಯನ್ನು ಮಾರುವವರೇ ಅಪರೂಪವಾಗಿದ್ದರು. ಈಗ ಹಾಗಿಲ್ಲ. ಯಾದಗಿರಿ ಕೋಟೆಯ ಬುಡದ ಓಣಿಗಳಲ್ಲಿ, ಶಹಾಪುರದ ಹಳೆ ಊರಿನಲ್ಲಿ, ಸುರಪುರದ ಗುಡ್ಡದ ಇಳಿಜಾರಿನಲ್ಲಿ ಬೀಗ ಜಡಿದ ಮಾಳಿಗೆ ಮನೆಗಳು ಕಣ್ಣಿಗೆ ಬೀಳುತ್ತವೆ. ತಲೆಬಾಗಿಲಿಗೆ ಕೆತ್ತನೆಯ ಚೌಕಟ್ಟು, ಒಳಗೆ ಪಡಸಾಲೆ, ನಾಲ್ಕು ಸಾಗುವಾನಿ ಕಂಬ. ಮೂಲೆಯಲ್ಲಿ ಮಾತ್ರ ಮಾಳಿಗೆ ಕುಸಿದು ಆಕಾಶ ಕಾಣುತ್ತಿರುತ್ತದೆ. ವಿಚಾರಿಸಿದರೆ ಹೇಳುವ ಬೆಲೆ ಕೆಲವೊಮ್ಮೆ ಊರ ಹೊರಗಿನ ಬಡಾವಣೆಯ ಖಾಲಿ ನಿವೇಶನಕ್ಕಿಂತಲೂ ಕಡಿಮೆ.

ಈ ಬೆಲೆ ಕೇಳಿ ಕಿವಿ ನೆಟ್ಟಗಾಗುವುದು ಸಿರಿವಂತರಿಗಲ್ಲ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ನಾಲ್ಕು ಕಾಸು ಉಳಿಸಿಕೊಂಡು ಬಂದ ಗಾರೆ ಕೆಲಸದವನಿಗೆ, ಬಾಡಿಗೆ ಕಟ್ಟಿ ಬೇಸತ್ತ ಕಿರಾಣಿ ಅಂಗಡಿಯವನಿಗೆ, ಹೊಸದಾಗಿ ನೌಕರಿ ಸೇರಿದ ಶಾಲಾ ಶಿಕ್ಷಕಿಗೆ. ಇಂಥವರ ಕೈಯಲ್ಲಿರುವುದು ಒಂದೇ ಗಂಟು. ಅದು ಒಮ್ಮೆ ತಪ್ಪು ಜಾಗಕ್ಕೆ ಹೋದರೆ ಮತ್ತೆ ಕೂಡಿಬರುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಾರೆ. ಆದ್ದರಿಂದ ಮನೆ ಎಷ್ಟು ಅಗ್ಗ ಎಂದು ಕೇಳುವ ಮೊದಲು ಏಕೆ ಅಗ್ಗ ಎಂದು ಕೇಳುವುದು ಒಳ್ಳೆಯದು.

ಈ ಭಾಗದಲ್ಲಿ ಆ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು. ಒಂದು ಮಾಳಿಗೆಯ ಮೇಲಿದೆ, ಇನ್ನೊಂದು ಕಬ್ಬಿಣದ ಪೆಟ್ಟಿಗೆಯೊಳಗಿನ ಕಾಗದದಲ್ಲಿದೆ. ವರ್ಷ ವರ್ಷ ಮಾಳಿಗೆಗೆ ಸಲ್ಲಬೇಕಾದ ದುಡಿಮೆ ಸಂದಿಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿಯರ ನಡುವೆ ಆಗಬೇಕಾದ ವಾಟ್ನಿ ಆಗಿಲ್ಲ. ಈ ಎರಡು ಬಾಕಿಗಳನ್ನು ಕಳೆದು ಉಳಿದದ್ದೇ ಆ ಅಗ್ಗದ ಬೆಲೆ. ಕೊಂಡವನು ಬಾಕಿಗಳನ್ನೂ ಕೊಂಡಂತೆ.

ಮಾಳಿಗೆಯ ಕತೆ ಮೊದಲು. ಮಳೆ ಕಡಿಮೆ, ಬಿಸಿಲು ವಿಪರೀತ ಇರುವ ಈ ಬಯಲು ಸೀಮೆಗೆ ಇಳಿಜಾರಿನ ಹೆಂಚಿನ ಮನೆ ಬೇಕಾಗಿರಲಿಲ್ಲ. ದಪ್ಪ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ ತುಂಡು, ಅದರ ಮೇಲೆ ಬೇವಿನ ಸೊಪ್ಪಿನಂಥ ಸೊಪ್ಪು, ಮೇಲೆ ಮಣ್ಣು. ಹೀಗೆ ಕಟ್ಟಿದ ಮನೆಯೊಳಗೆ ಏಪ್ರಿಲ್ ತಿಂಗಳ ನಡುಹಗಲಿನಲ್ಲೂ ತಣ್ಣಗೆ ಮಲಗಬಹುದು. ಬೆಳಕಿಂಡಿಯಿಂದ ಬೆಳಕು ಬರುತ್ತದೆ, ಅಡಿಗೆಯ ಹೊಗೆ ಹೋಗುತ್ತದೆ. ರಾತ್ರಿ ಹಾಸಿಗೆ ಮಾಳಿಗೆಯ ಮೇಲೆ.

ಇದರಲ್ಲಿ ಜಾಣತನವೆಲ್ಲ ಮೇಲಿನ ಪದರದಲ್ಲಿದೆ. ಹೊಲಕ್ಕೆ ಕೆಟ್ಟದ್ದೆಂದು ಬೈಸಿಕೊಳ್ಳುವ ಕರ್ಲ ಮಣ್ಣು, ಅಂದರೆ ಸವಳು ಮಣ್ಣು, ಮಾಳಿಗೆಗೆ ಶ್ರೇಷ್ಠ. ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ಬಿದ್ದ ಕೂಡಲೇ ಅದರ ಜಿಗುಟಿನ ಕಣಗಳು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕುಳಿತು ಅವನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ದೋಣಿಯಿಂದ ಹೊರಗೆ ಚೆಲ್ಲುತ್ತದೆ. ಹುಲ್ಲೂ ಅಷ್ಟಾಗಿ ಬೆಳೆಯುವುದಿಲ್ಲವಾದ್ದರಿಂದ ಬೇರು ಇಳಿದು ತೂತು ಬೀಳುವ ಭಯ ಕಡಿಮೆ. ಯಾವ ಬೆಳೆಯೂ ಬಾರದ ಮಣ್ಣನ್ನು ತಲೆಯ ಮೇಲೆ ಹೊತ್ತು ಮನೆ ಸೋರದಂತೆ ಮಾಡಿಕೊಂಡ ಈ ಉಪಾಯವನ್ನು ಯಾವ ಇಂಜಿನಿಯರೂ ಕಲಿಸಿಕೊಟ್ಟದ್ದಲ್ಲ.

ಆದರೆ ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಗಾಳಿ ಮಳೆಗೆ ಕರ್ಲ ತೊಳೆದುಹೋಗುತ್ತದೆ. ಮಿರಗಾ ಮಳೆಗೆ ಮುಂಚೆ ಹೊಸ ಮಣ್ಣು ತಂದು ಹರಡಬೇಕು, ಬಿರುಕು ಮುಚ್ಚಬೇಕು, ದೋಣಿ ಸ್ವಚ್ಛ ಮಾಡಬೇಕು. ತೊಳೆದುಹೋದದ್ದಕ್ಕಿಂತ ಹಾಕಿದ್ದು ಹೆಚ್ಚಾದರೆ ಅದೂ ತೊಂದರೆಯೇ. ಲೆಕ್ಕ ಹಾಕಿ ನೋಡಬಹುದು. ಗಟ್ಟಿಸಿದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಐದೂವರೆಯಿಂದ ಆರು ಟನ್. ಅದರ ಮೇಲೆ ಒಂದು ಇಂಚು ಹೆಚ್ಚಾದರೂ ಮತ್ತೆ ಅರ್ಧ ಟನ್ನಿಗೆ ಹತ್ತಿರ. ಅಜ್ಜನ ಕಾಲದಲ್ಲಿ ಒಂದು ಅಡಿ ಇದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಒಂದೂವರೆ ಅಡಿಯಾಗಿದ್ದರೆ, ಅದೇ ಹಳೆಯ ಜಂತಿಗಳು ಇನ್ನೂ ಮೂರು ಟನ್ ಹೊತ್ತು ನಿಂತಿವೆ ಎಂದರ್ಥ. ಮಳೆ ನೀರು ಕುಡಿದರೆ ತೂಕ ಮತ್ತಷ್ಟು ಏರುತ್ತದೆ. ಮಾಳಿಗೆ ಬೀಳುವುದು ಸಾಮಾನ್ಯವಾಗಿ ಮಳೆ ಹಿಡಿದುಕೊಂಡ ಮೂರನೆಯದೋ ನಾಲ್ಕನೆಯದೋ ದಿನ ಏಕೆ ಎಂಬುದಕ್ಕೆ ಇದೇ ವಿವರಣೆ.

ಬೀಗ ಹಾಕಿದ ಮನೆ ಇನ್ನೂ ಬೇಗ ಕೆಡುತ್ತದೆ. ಕರ್ಲ ಹಾಕುವವರಿಲ್ಲ. ಒಲೆ ಉರಿಯದೆ ಹೊಗೆಯಿಲ್ಲ. ಹೊಗೆಯಿಲ್ಲದ ಜಂತಿಗೆ ಹುಳು ಹತ್ತುತ್ತದೆ, ಕೆಳಗಿನಿಂದ ಗೆದ್ದಲು ಏರುತ್ತದೆ. ಗುಳೆ ಹೋದ ಕುಟುಂಬ ಉಗಾದಿಗೋ ಜಾತ್ರೆಗೋ ಬಂದು ಎರಡು ದಿನ ಇದ್ದು ಹೋದರೆ ಮನೆಗೆ ಜೀವ ಬರುವುದಿಲ್ಲ. ಎರಡು ಮೂರು ಮಳೆಗಾಲ ಕಂಡ ಬೀಗದ ಮನೆಯಲ್ಲಿ ತೊಲೆಯ ನಡುಭಾಗ ಚೆನ್ನಾಗಿಯೇ ಕಾಣಬಹುದು. ನೋಡಬೇಕಾದದ್ದು ತೊಲೆ ಗೋಡೆಯೊಳಗೆ ಹೋಗುವ ತುದಿ. ತೇವ ನಿಲ್ಲುವುದು ಅಲ್ಲಿ, ಕೊಳೆಯುವುದೂ ಅಲ್ಲಿ. ಒಂದು ಚೂಪು ಕಬ್ಬಿಣದ ಸಲಾಕೆ ಒತ್ತಿದರೆ ಮೆತ್ತಗೆ ಇಳಿಯಿತೋ, ಆ ತೊಲೆಯ ಆಯುಷ್ಯ ಮುಗಿದಿದೆ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು ಹತ್ತು ಸಾವಿರ ಮಂದಿ ಸತ್ತರು. ಭೂಕಂಪದ ಪ್ರಮಾಣ ಆರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟೊಂದು ಸಾವಿಗೆ ಮುಖ್ಯ ಕಾರಣ ಮನೆಗಳೇ ಎಂದು ಆಮೇಲೆ ಅಧ್ಯಯನ ಮಾಡಿದ ಇಂಜಿನಿಯರುಗಳು ಕಂಡುಕೊಂಡರು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣಿನ ಮಾಳಿಗೆ. ಹೊರಗಿನ ಸಾಲಿನ ಕಲ್ಲಿಗೂ ಒಳಗಿನ ಸಾಲಿನ ಕಲ್ಲಿಗೂ ನಡುವೆ ಹಿಡಿದುಕೊಳ್ಳುವ ಅಡ್ಡಗಲ್ಲು ಇಲ್ಲದಿದ್ದಲ್ಲಿ ಗೋಡೆ ಎರಡಾಗಿ ಸೀಳಿ, ಮಲಗಿದವರ ಮೇಲೆ ಮಾಳಿಗೆ ಕುಳಿತಿತು. ಕಟ್ಟುವ ವಿಧಾನ ನಮ್ಮ ಕಡೆಯದೂ ಹೆಚ್ಚು ಕಡಿಮೆ ಅದೇ. ಗೋಡೆಯ ಒಂದು ಬದಿ ಹೊಟ್ಟೆ ಉಬ್ಬಿದಂತೆ ಹೊರಗೆ ಬಂದಿದ್ದರೆ ಎರಡು ಪದರಗಳು ಈಗಾಗಲೇ ಬೇರೆಯಾಗುತ್ತಿವೆ. ಅಂಥ ಗೋಡೆಗೆ ಗಿಲಾಯಿ ಮಾಡಿ ಬಣ್ಣ ಬಳಿದರೆ ಉಬ್ಬು ಮರೆಯಾದೀತು, ಅಪಾಯವಲ್ಲ. ಭೂಕಂಪ ಬೇಕೆಂದೇನೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕದಲ್ಲಿ ಎಷ್ಟು ಮಣ್ಣಿನ ಗೋಡೆಗಳನ್ನು ಕೆಡವಿತೆಂಬುದು ಇಲ್ಲಿನ ಜನಕ್ಕೆ ನೆನಪಿದೆ.

ಬಿರುಕು ಎಲ್ಲವೂ ಒಂದೇ ಅಲ್ಲ. ಸುರಪುರ, ಶಹಾಪುರಗಳ ಗುಡ್ಡದ ಕಲ್ಲಿನ ಮೇಲೆ ಬುನಾದಿ ನಿಂತ ಮನೆ ಅಷ್ಟಾಗಿ ಅಲುಗಾಡುವುದಿಲ್ಲ. ಎರೆ ಮಣ್ಣಿನ ಮೇಲಿನ ಮನೆ ಹಾಗಲ್ಲ. ಎರೆ ನೆಲ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮನೆಯೂ ಅದರೊಡನೆ ಉಸಿರಾಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲಕ್ಕೆ ಮುಚ್ಚಿಕೊಂಡರೆ ಅದು ನೆಲದ ಆಟ. ಎರಡೂ ಕಾಲದಲ್ಲಿ ಅಗಲವಾಗುತ್ತಲೇ ಹೋದರೆ ಬುನಾದಿ ಕೂರುತ್ತಿದೆ. ಬಿರುಕಿನ ಮೇಲೆ ಅಲ್ಲಲ್ಲಿ ಸಿಮೆಂಟಿನ ಸಣ್ಣ ಪಟ್ಟಿ ಮೆತ್ತಿ ತಾರೀಕು ಬರೆದಿಟ್ಟರೆ, ಪಟ್ಟಿ ಸೀಳಿತೋ ಇಲ್ಲವೋ ಎಂಬುದೇ ಉತ್ತರ ಹೇಳುತ್ತದೆ. ಮಾರುವವರಿಗೆ ಅವಸರವಿಲ್ಲದಿದ್ದರೆ ಈ ಪರೀಕ್ಷೆಗೆ ಖರ್ಚೇ ಇಲ್ಲ. ಅವಸರವಿದ್ದರೆ, ಆ ಅವಸರ ಏಕೆಂದು ತಿಳಿಯುವುದೂ ಒಂದು ಪರೀಕ್ಷೆ.

ಒಕ್ಕಲುತನದ ಮನೆಗಳಲ್ಲಿ ಇನ್ನೊಂದು ಗುಟ್ಟು ನೆಲದ ಕೆಳಗಿರುತ್ತದೆ. ಜೋಳ ತುಂಬಿಡಲು ತೋಡಿದ ಹಗೇವು. ಬಳಕೆ ತಪ್ಪಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಫರಸಿ ಹಾಸಿಬಿಟ್ಟಿರುತ್ತಾರೆ. ನೆಲಕ್ಕೆ ಹಾರೆ ಕುಟ್ಟಿದಾಗ ಬೋರಲು ಸದ್ದು ಬಂದರೆ ಕೆಳಗೆ ಏನಿದೆ ಎಂದು ಆ ಮನೆಯ ಅಜ್ಜಿಯನ್ನೇ ಕೇಳಬೇಕು.

ಹಾಗಾದರೆ ಹಳೆಯ ಮನೆ ಎಂದರೆ ಬೀಳುವ ಮನೆ ಎಂದೇ? ಸುರಪುರದಲ್ಲೇ ಬೇರೆ ಸಾಕ್ಷಿ ಇದೆ. 1840ರ ದಶಕದಲ್ಲಿ ಬಾಲ ಅರಸು ವೆಂಕಟಪ್ಪ ನಾಯಕನ ಪೋಷಕನಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ತನಗೊಂದು ಮನೆ ಕಟ್ಟಿಸಿಕೊಂಡ. ಟೇಲರ್ 1853ರಲ್ಲಿ ಊರು ಬಿಟ್ಟ. ಐದು ವರ್ಷಕ್ಕೆ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಪ್ರಾಣ ತೆತ್ತ. ಸಂಸ್ಥಾನ ಹೋಯಿತು, ನಿಜಾಮನ ಆಳ್ವಿಕೆ ಬಂತು, ಅದೂ ಹೋಯಿತು. ಟೇಲರ್ ಮಂಜಿಲ್ ಮಾತ್ರ ಉಳಿಯಿತು. ಕಾರಣ ಸರಳ. ಮುಂದೆ ಅದು ಪ್ರವಾಸಿ ಮಂದಿರವಾಗಿ ಬಳಕೆಗೆ ಬಂತು. ಬಂದುಹೋಗುವ ಅಧಿಕಾರಿಗಳಿಗಾಗಿ ಯಾರಾದರೂ ಕಸ ಗುಡಿಸಿದರು, ಸೋರಿದಲ್ಲಿ ಮುಚ್ಚಿದರು. ಅದೇ ಊರಿನಲ್ಲಿ ಅದಕ್ಕಿಂತ ಈಚಿನ ಎಷ್ಟೋ ಮನೆಗಳು ಮಣ್ಣಾಗಿವೆ.

ಮಾಳಿಗೆ ದುರಸ್ತಿಯಾಗದ ವಸ್ತುವಲ್ಲ. ಕೊಳೆತ ಜಂತಿ ತೆಗೆದು ಬೇರೆ ಹಾಕಬಹುದು, ಹೆಚ್ಚಾದ ಮಣ್ಣು ಕೆರೆದು ಇಳಿಸಬಹುದು. ಹಲವರು ಮಣ್ಣನ್ನೆಲ್ಲ ಇಳಿಸಿ ಸ್ಲ್ಯಾಬ್ ಹಾಕಿಸುತ್ತಾರೆ. ಐದು ಇಂಚಿನ ಸ್ಲ್ಯಾಬು ಅದೇ ಕೋಣೆಗೆ ಸುಮಾರು ಮೂರೂವರೆ ಟನ್; ಒಂದು ಅಡಿ ಮಣ್ಣಿಗಿಂತ ಹಗುರವೇ. ಆದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಗಟ್ಟಿ ಹಲಗೆಯೊಂದನ್ನು ಮಣ್ಣಿನ ಗೋಡೆಯ ಮೇಲೆ ನೇರವಾಗಿ ಕೂರಿಸಿದರೆ ಗೋಡೆಯ ತಲೆ ಪುಡಿಯಾಗುತ್ತದೆ. ಕೆಳಗೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಇಲ್ಲವೇ ಪ್ರತ್ಯೇಕ ಕಂಬಗಳು ಬೇಕಾಗುತ್ತವೆ. ಅಲ್ಲಿಗೆ ದುರಸ್ತಿಯ ಲೆಕ್ಕ ಹೊಸ ಮನೆಯ ಲೆಕ್ಕದ ಹತ್ತಿರ ಬಂದು ನಿಲ್ಲುತ್ತದೆ. ತಂಪು ಹೋದದ್ದು ಬೇರೆ.

ಇನ್ನು ಕಾಗದ. ಇದು ಮಾಳಿಗೆಗಿಂತ ಭಾರ.

ಮನೆ ತಂದೆಯ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುತ್ತದೆ. ಒಬ್ಬ ಮಗ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಊರಲ್ಲೇ. ಇಬ್ಬರು ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕೊಟ್ಟಿದೆ. ಮಾರಾಟದ ಮಾತು ಆಡುವವನು ಊರಲ್ಲಿರುವ ಮಗ. ಅಕ್ಕ ತಂಗಿಯರ ಮಾತೆತ್ತಿದರೆ, ಅವರೇನೂ ಕೇಳೋದಿಲ್ಲರೀ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳೂ ಅಲ್ಲ. ಪಾಲು ಕೇಳಿದರೆ ತವರು ತಪ್ಪೀತೆಂಬ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ಬಾಯಿ ತೆರೆಯುವುದಿಲ್ಲ. ಪಂಚಮಿಗೆ ಬಂದು ಜೋಕಾಲಿ ಆಡಲು, ಬಾಣಂತನಕ್ಕೆ ಬಂದು ಮಲಗಲು, ಗಂಡನ ಮನೆಯಲ್ಲಿ ಮನಸ್ಸು ಮುರಿದಾಗ ನಾಲ್ಕು ದಿನ ಬಂದಿರಲು ಆ ಮಾಳಿಗೆ ಮನೆಯ ಬಾಗಿಲು ತೆರೆದಿರಲಿ ಎಂದು ಪಾಲಿನ ಮಾತನ್ನು ನುಂಗಿಕೊಂಡಿರುತ್ತಾರೆ. ಮನೆಯೇ ಮಾರಾಟವಾದ ದಿನ ಆ ಭಯಕ್ಕೆ ಕಾರಣವೇ ಉಳಿಯುವುದಿಲ್ಲ. ನುಂಗಿದ ಮಾತು ಹೊರಬರುವುದು ಆಗ, ಅದೂ ವಕೀಲರ ನೋಟಿಸಿನ ರೂಪದಲ್ಲಿ. ಇದನ್ನು ಹೆಣ್ಣುಮಕ್ಕಳ ಆಸೆಬುರುಕತನ ಎನ್ನುವವರಿದ್ದಾರೆ. ಅವರದೇ ಪಾಲನ್ನು ಅವರು ಕೇಳುವುದು ಆಸೆಬುರುಕತನ ಹೇಗಾದೀತು?

ಕಾನೂನು ಈಗ ಅವರ ಕಡೆಗಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಗೆ ಸಹಪಾಲುದಾರರನ್ನಾಗಿ ಮಾಡಿತ್ತಾದರೂ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆಗ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲಕ್ಕೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೆರೆ ಎಳೆಯಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ವಾಟ್ನಿ, ಮಾರಾಟಗಳನ್ನು ಮಾತ್ರ ಕದಲಿಸುವಂತಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ, ಮಗಳಿಗೆ ಮಗನ ಅರ್ಧ. ಆದರೆ ಅಲ್ಲಿಯೂ ಪಾಲು ಇದ್ದೇ ಇದೆ.

ಮೇಲಿನ ಉದಾಹರಣೆಯನ್ನೇ ಇಟ್ಟುಕೊಂಡರೆ, ಹಿಂದೂ ಕುಟುಂಬದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡು ಉಯಿಲು ಇಲ್ಲದಿದ್ದರೆ ಐವರಿಗೂ ಐದರಲ್ಲೊಂದು ಪಾಲು. ಊರಲ್ಲಿರುವ ಮಗ ಒಬ್ಬನೇ ಸಹಿ ಹಾಕಿದರೆ ಅವನು ಮಾರಬಲ್ಲದ್ದು ತನ್ನ ಪಾಲನ್ನಷ್ಟೇ. ಕೊಂಡವನು ಇಡೀ ಮನೆಯ ಹಣ ಕೊಟ್ಟು ಐದನೇ ಒಂದಕ್ಕೆ ಒಡೆಯನಾಗುತ್ತಾನೆ. ಅದಾದರೂ ವಾಸಕ್ಕೆ ಸಿಕ್ಕೀತೇ ಎಂದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಕುಟುಂಬದ ಜೊತೆ ಕೂಡಿ ಇರುವ ಹಕ್ಕಿಲ್ಲ. ವಿಭಾಗ ಕೇಳಿ ದಾವೆ ಹೂಡಬಹುದು. ಆಗ 1893ರ ವಿಭಾಗ ಕಾಯ್ದೆ, ಆ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಎನ್ನುವ ಅವಕಾಶವನ್ನು ಮನೆಯವರಿಗೆ ಕೊಡುತ್ತದೆ. ಅಷ್ಟರಲ್ಲಿ ಮಾಳಿಗೆಗೆ ಹಾಕಿದ ಹಣ?

ಬಾಂಡ್ ಪೇಪರಿನ ಮೇಲೆ ಬರೆದುಕೊಡುತ್ತೇವೆ ಎಂಬ ಮಾತಂತೂ ಈ ಭಾಗದಲ್ಲಿ ದಿನನಿತ್ಯ ಕೇಳುವಂಥದ್ದು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ಕಾನೂನು ಹೇಳಿ ಒಂದು ಶತಮಾನ ದಾಟಿದೆ. ನೋಟರಿಯ ಮೊಹರು ಸಹಿಗೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ. ಮುಖ್ತ್ಯಾರ್ ಪತ್ರದ ಮೂಲಕ ಮಾಡುವ ಮಾರಾಟವೂ ಒಡೆತನ ಕೊಡದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಇಸಾರ ಕೊಟ್ಟು ಸುಮ್ಮನೆ ಕೂರುವುದೂ ಅಪಾಯ. ಕರಾರಿನಂತೆ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹೂಡಲು ಇರುವುದು ಮೂರು ವರ್ಷ.

ಕೇಳಬೇಕಾದ ಕಾಗದಗಳೆಂದರೆ ವಂಶಾವಳಿ, ವಾಟ್ನಿ ಪತ್ರ, ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ, ಪಟ್ಟಣವಾದರೆ ಇ-ಖಾತೆ, ಹಿಂದಿನ ಹಲವು ವರ್ಷಗಳ ಋಣಭಾರ ಪತ್ರ. ಮನೆಪಟ್ಟಿ ಕಟ್ಟಿದ ರಸೀದಿ ಒಡೆತನದ ಪುರಾವೆಯಲ್ಲ. 1948ರವರೆಗೆ ಇದು ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದರಿಂದ ಮೂಲ ಕಾಗದ ಉರ್ದುವಿನಲ್ಲೋ ಮೋಡಿ ಲಿಪಿಯಲ್ಲೋ ಇರಬಹುದು. ತಾರೀಕು ಫಸಲಿಯಲ್ಲಿರುತ್ತದೆ, 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಫಸಲಿ 1350 ಎಂದರೆ 1940-41. ಓದಲು ಬಾರದೆಂದು ಅದನ್ನು ಬದಿಗಿಡುವುದು ತಪ್ಪು. ಸಾಮಾಯಿಕ ಗೋಡೆ ಯಾರದು, ದೋಣಿಯ ನೀರು ಯಾರ ಅಂಗಳಕ್ಕೆ ಬೀಳಬೇಕು ಎಂಬ ಜಗಳಗಳ ಮೂಲ ಅದರ ಚಕ್ಕುಬಂದಿಯಲ್ಲೇ ಇರುತ್ತದೆ. ಮನೆ ಕೋಟೆಯಂಥ ಸ್ಮಾರಕದ ಹತ್ತಿರವಿದ್ದರೆ ಆ ಸ್ಮಾರಕ ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದೂ ಕೇಳಬೇಕು. ಅಂಥದರ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ದುರಸ್ತಿಗೂ ಅನುಮತಿ ಬೇಕು; ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ನೋಂದಣಿ ಖರ್ಚಿನಲ್ಲೂ ಅಗ್ಗದ ಮನೆಗೆ ರಿಯಾಯಿತಿ ಇಲ್ಲ. ಮುದ್ರಾಂಕ ಶುಲ್ಕ ಕೊಟ್ಟ ಬೆಲೆಯ ಮೇಲಲ್ಲ, ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆ. ಮಾರ್ಗಸೂಚಿ ಬೆಲೆ 6 ಲಕ್ಷ ಇರುವ ಮನೆ 3 ಲಕ್ಷಕ್ಕೆ ಸಿಕ್ಕಿತೆನ್ನಿ. ಪಟ್ಟಣದಲ್ಲಿ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ಒಟ್ಟು 45,600 ರೂಪಾಯಿ. ಎರಡು ಬೆಲೆಗಳ ನಡುವಿನ 3 ಲಕ್ಷವನ್ನು ಕೊಂಡವನ ಆದಾಯವೆಂದು ಆದಾಯ ತೆರಿಗೆ ಇಲಾಖೆ ಎಣಿಸುವುದೂ ಉಂಟು.

ಅಗ್ಗದ ಮನೆಯ ಆಸೆ ಯಾದಗಿರಿಗೆ ಮಾತ್ರ ಸೀಮಿತವಲ್ಲ. ಜನ ಬಿಟ್ಟುಹೋದ ಇಟಲಿಯ ಹಳ್ಳಿ ಪಟ್ಟಣಗಳು ಪಾಳು ಮನೆಗಳನ್ನು ಒಂದು ಯೂರೋಗೆ ಕೊಡುತ್ತೇವೆಂದು ಸಾರಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಜಪಾನಿನಲ್ಲಿ 2023ರ ಗಣತಿಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ. ಆದರೆ ಇಟಲಿಯ ಒಂದು ಯೂರೋದ ಹಿಂದೆ ಷರತ್ತಿದೆ: ಠೇವಣಿ ಇಡಬೇಕು, ಸಾಮಾನ್ಯವಾಗಿ ಮೂರು ವರ್ಷದೊಳಗೆ ದುರಸ್ತಿ ಮುಗಿಸಬೇಕು. ಮಾರಾಟಕ್ಕೆ ನಿಂತು ವ್ಯವಹಾರ ಕುದುರಿಸುವುದು ಅಲ್ಲಿನ ಪುರಸಭೆ. ನಮ್ಮಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ಕೊಳ್ಳುವವನೇ ಮಾಡಿಕೊಳ್ಳಬೇಕು. ಹಳ್ಳಿಗಳ ಮನೆಜಾಗಗಳನ್ನು ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಆರಂಭವಾಗಿದೆ. ಅದು ಜಾಗದ ಗಡಿ ಹೇಳೀತು, ಮನೆಯೊಳಗಿನ ಪಾಲು ಹೇಳಲಾರದು.

ಹೀಗಾಗಿ ಎರಡು ಮನೆ ಮುಂದಿದ್ದರೆ ಆಯ್ಕೆ ಕಷ್ಟವಲ್ಲ. ಮಾಳಿಗೆ ಅರ್ಧ ಬಿದ್ದಿದೆ, ಕಾಗದ ಸರಿಯಿದೆ, ಎಲ್ಲ ವಾರಸುದಾರರೂ ಸಹಿಗೆ ಸಿದ್ಧ: ಅದನ್ನು ಕೊಳ್ಳಬಹುದು. ಕಂಬ, ಬಾಗಿಲು, ಕಲ್ಲು, ಜಾಗ ಇವುಗಳ ಬೆಲೆ ಕಟ್ಟಿ, ಹೊಸ ಮಾಳಿಗೆಯ ಖರ್ಚು ಕಳೆದು ಚೌಕಾಸಿ ಮಾಡಿದರಾಯಿತು. ಮಾಳಿಗೆ ಗಟ್ಟಿಯಿದೆ, ಗೋಡೆಗೆ ಹೊಸ ಸುಣ್ಣ ಬಿದ್ದಿದೆ, ಒಬ್ಬ ತಂಗಿಯ ಸಹಿ ಮಾತ್ರ ಆಮೇಲೆ ಹಾಕಿಸಿದರಾಯಿತು ಎನ್ನುತ್ತಾರೆ: ಅದನ್ನು ಬಿಡುವುದು ಲೇಸು. ಅವಳ ಪಾಲಿನ ಹಣ ಅವಳ ಕೈಗೇ ಸೇರಿ, ಅವಳೂ ಮಾರಾಟಗಾರಳಾಗಿ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು.

ಮನೆ ನೋಡಲು ಹೋಗುವವರು ಬೇಸಿಗೆಯಲ್ಲಿ ಹೋಗದೆ ಶ್ರಾವಣದಲ್ಲಿ ಹೋಗುವುದು ವಾಸಿ. ನಾಲ್ಕು ಮಳೆ ಬಿದ್ದು ಮಾಳಿಗೆ ಎಲ್ಲೆಲ್ಲಿ ಸೋರುತ್ತದೆಂದು ಗೋಡೆಯ ಮೇಲೆ ಬರೆದಂತೆ ಕಾಣುತ್ತದೆ. ಪಂಚಮಿಗೆಂದು ಹೆಣ್ಣುಮಕ್ಕಳೂ ತವರಿಗೆ ಬಂದಿರುತ್ತಾರೆ, ದೂರದ ಊರಿನ ಗಂಡುಮಕ್ಕಳೂ ಬಂದಿರಬಹುದು. ಹಬ್ಬ ಮುಗಿದು ಅವರು ಮರಳಿ ಹೋಗುವ ಮುನ್ನ ಒಂದು ದಿನ ಉಪನೋಂದಣಿ ಕಚೇರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.